ಮೆತೆತೆ ಅಂದರೆ ಯಾರು

ನಮ್ಮೂರು ಶೆಲಾದಲ್ಲಿ ಹೊರದೇಶದವರಿಗೆ ಸ್ಪ್ಯಾನಿಷ್ ಕಲಿಸುತ್ತಲೇ ನನ್ನ ಇಪ್ಪತ್ತೆರಡು ವರ್ಷ ಕಳೆದುಹೋಯಿತು. ಗ್ವಾಟೆಮಾಲದಲ್ಲಿ ಇಂಥ ಶಾಲೆಗಳು ಬೇಕಾದಷ್ಟಿವೆ. ಒಂದು ಸಣ್ಣ ಮೇಜು, ಆಚೆ ಒಬ್ಬರು, ಈಚೆ ನಾನು. ದಿನಕ್ಕೆ ಐದು ಗಂಟೆ. ಹಾಗೆ ಎದುರುಬದುರು ಕೂತವರು ಮೊದಲ ವಾರದಲ್ಲೇ ಗಂಡನ ಮೇಲಿನ ಸಿಟ್ಟು, ಅತ್ತೆಯ ಕಾಟ ಎಲ್ಲವನ್ನೂ ಹರಕುಮುರುಕು ಭಾಷೆಯಲ್ಲಿ ಹೇಳಿಕೊಂಡುಬಿಡುತ್ತಾರೆ. ಮಾರ್ಲೆನಿ ಮಾತ್ರ ಏಳು ವಾರ ಏನನ್ನೂ ಹೇಳಲಿಲ್ಲ.

ಅವಳು ಆಸ್ಟ್ರೇಲಿಯದ ಮೆಲ್ಬರ್ನಿನಲ್ಲಿ ಬಸ್ ಓಡಿಸುವವಳು. ವಯಸ್ಸು ನಲವತ್ತೆರಡು. ಹುಟ್ಟಿದ್ದು ನಮ್ಮ ಪಕ್ಕದ ಎಲ್ ಸಾಲ್ವಡೋರಿನಲ್ಲಿ. ಅಲ್ಲಿ ಯುದ್ಧ ನಡೆಯುತ್ತಿದ್ದಾಗ, ಅವಳಿಗಿನ್ನೂ ನಾಲ್ಕು ವರ್ಷ, ತಾಯಿ ಹೆರ್ಲಿಂದಾ ಮಗಳನ್ನು ಎತ್ತಿಕೊಂಡು ದೇಶ ಬಿಟ್ಟಿದ್ದಳು. ಮೆಲ್ಬರ್ನಿಗೆ ಹೋದ ದಿನದಿಂದ ಮನೆಯಲ್ಲಿ ಬರೀ ಇಂಗ್ಲಿಷು. ತಾಯಿಗೇ ಸರಿಯಾಗಿ ಬಾರದ ಇಂಗ್ಲಿಷು. ಮಗಳಿಗೆ ಹುಟ್ಟುಮಾತು ಪೂರ್ತಿ ಮರೆತುಹೋಯಿತು. ಇಷ್ಟನ್ನು ಅವಳು ಅರ್ಜಿಯಲ್ಲಿ ಬರೆದಿದ್ದಳು. ಯಾಕೆ ಕಲಿಯುತ್ತೀರಿ ಅನ್ನುವ ಕಡೆ ‘ಅಮ್ಮನಿಗಾಗಿ’ ಅಂತ ಒಂದೇ ಪದ.

ಬಂದವರು ಇಲ್ಲಿನವರ ಮನೆಯಲ್ಲೇ ಉಳಿಯುವುದು ವಾಡಿಕೆ. ಅವಳನ್ನು ಚುಸಿತಮ್ಮನ ಮನೆಗೆ ಹಾಕಿದೆವು. ಎಪ್ಪತ್ತರ ವಿಧವೆ, ಬಾಯಿ ಜೋರು, ಕೈ ಧಾರಾಳ. ಮೂರನೆಯ ದಿನ ಚುಸಿತಮ್ಮ ಬೆಳಗ್ಗೆ ಏಳಕ್ಕೇ ಶಾಲೆಯ ಬಾಗಿಲಿಗೆ ಬಂದಳು.

“ನೊಹೆಮಿ, ನಿನ್ನ ಆಸ್ಟ್ರೇಲಿಯದವಳು ಮಂಚದ ಕೆಳಗವಳೆ ಕಣೆ.”

“ಏನು ಹಾಗಂದ್ರೆ?”

“ಪಕ್ಕದ್ಮನೆ ಹುಡುಗೀದು ಹುಟ್ಟಿದಬ್ಬ. ಅವ್ರು ಐದು ಗಂಟೆಗೆ ಪಟಾಕಿ ಸರ ಹಚ್ಚಿದ್ರು. ನಾನು ಹೋಗಿ ನೋಡ್ತೀನಿ, ಮಂಚ ಖಾಲಿ. ಕೆಳಗೆ ಬಗ್ಗಿದ್ರೆ ಇವಳು ಗೋಡೆಗೆ ಅಂಟ್ಕೊಂಡು, ಬಾಯಿಗೆ ಕೈ ಅಡ್ಡ ಇಟ್ಕೊಂಡು ಮಲಗವಳೆ. ಕರೆದ್ರೆ ಬರಾಕಿಲ್ಲ.”

ಹುಟ್ಟುಹಬ್ಬಕ್ಕೆ ಬೆಳಗಿನ ಜಾವ ಪಟಾಕಿ ಹೊಡೆಯದಿದ್ದರೆ ನಮ್ಮಲ್ಲಿ ಹುಟ್ಟುಹಬ್ಬವೇ ಅಲ್ಲ. ಬೆಚ್ಚಿಬೀಳುವ ಹೊರದೇಶದವರನ್ನು ನಾನು ಕಂಡಿದ್ದೆ. ಮಂಚದ ಕೆಳಗೆ ಎರಡು ಗಂಟೆ ಮಲಗಿದವರನ್ನು ಕಂಡಿರಲಿಲ್ಲ. ಆಮೇಲೆ ತರಗತಿಗೆ ಬಂದ ಮಾರ್ಲೆನಿಯನ್ನು ಕೇಳಿದರೆ, “ಗೊತ್ತಿಲ್ಲ. ಕಾಲು ತಾನೇ ಅಲ್ಲಿಗೆ ಹೋಯ್ತು,” ಅಂದಳು. ತನ್ನ ದೇಹವೇ ತನಗೆ ಹೇಳದೆ ಏನೋ ಮಾಡಿಬಿಟ್ಟಿತಲ್ಲ ಎನ್ನುವ ದಿಗಿಲು ಆ ಮುಖದಲ್ಲಿ ಕಾಣುತ್ತಿತ್ತು.

ಭಯ ಅವಳಿಗೆ ಎಲ್ಲದಕ್ಕೂ ಇತ್ತು. ಗಂಡಸರು ಗಟ್ಟಿ ದನಿಯಲ್ಲಿ ಸ್ಪ್ಯಾನಿಷ್ ಮಾತಾಡಿದರೆ ಬೆವರುತ್ತಿದ್ದಳು. ಮುಖ ಬೇರೆ ನಮ್ಮ ಕಡೆಯವರದೇ. ಮಾರುಕಟ್ಟೆಯಲ್ಲಿ ಹೆಂಗಸರು ಪಟಪಟ ಮಾತಾಡಿಸುವರು, ಇವಳು ಬಾಯಿ ತೆರೆಯಲಾಗದೆ ನಿಲ್ಲುವಳು. “ದೊಡ್ಡಸ್ತಿಕೆ ನೋಡೆ, ಉತ್ತರ ಕೊಟ್ರೆ ಹಲ್ಲು ಉದುರೋಗುತ್ತೆ ಇವಳಿಗೆ,” ಅಂತ ಆವಕಾಡೊ ಮಾರುವವಳು ಒಮ್ಮೆ ಮೂದಲಿಸಿದಳಂತೆ. ಆ ಮಾತು ಮಾತ್ರ ಇವಳಿಗೆ ಚೆನ್ನಾಗಿ ಅರ್ಥವಾಗಿತ್ತು.

ಆದರೆ ಪಟ್ಟು ಬಿಡುವವಳಲ್ಲ. ಕ್ರಿಯಾಪದಗಳನ್ನು ಚೀಟಿಗಳಲ್ಲಿ ಬರೆದು ಚುಸಿತಮ್ಮನ ಅಡುಗೆಮನೆ ತುಂಬ ಅಂಟಿಸಿದಳು. ಆಗಾಗ ಮೊಬೈಲ್ ತೆಗೆಯುವಳು, ಏನೋ ಕೇಳಿಸಲು ಹೊರಡುವಳು, ಮತ್ತೆ ಚೀಲಕ್ಕೆ ಹಾಕುವಳು.

ಏಳನೆಯ ವಾರ ಗುರುವಾರ ಮಧ್ಯಾಹ್ನ ಅವಳು ಕೇಳಿದಳು: “ಟೀಚರ್, ಮೆತೆತೆ ಅಂತ ಹೆಂಗಸರಿಗೆ ಹೆಸರು ಇಡ್ತಾರಾ?”

“ಇಲ್ಲಪ್ಪ, ನಾನು ಕೇಳಿಲ್ಲ. ಯಾಕೆ?”

ಆಗ ಹೇಳಿದಳು. ಎಂಟು ತಿಂಗಳ ಹಿಂದೆ ಹೆರ್ಲಿಂದಾಗೆ ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಅದರ ಜೊತೆ ಇಂಗ್ಲಿಷೂ ಹೋಯಿತು. ಉಳಿದದ್ದು ಸ್ಪ್ಯಾನಿಷ್ ಮಾತ್ರ, ಅದೂ ತೊದಲು. ವೃದ್ಧರ ಆರೈಕೆ ಮನೆಯಲ್ಲಿ ಬೆಳಗ್ಗೆ ಊಟದ ಗಾಡಿ ಗಡಗಡ ಬಂದರೆ ಸಾಕು, ಕಣ್ಣು ಅಗಲಿಸಿ, ಮಗಳ ತೋಳು ಹಿಡಿದು, ‘ಮೆತೆತೆ, ಮೆತೆತೆ’ ಅಂತ ಶುರುಮಾಡಿ ಏನೇನೋ ಪಿಸುಗುಡುತ್ತಿದ್ದಳಂತೆ. ಮೊಬೈಲಿನ ಭಾಷಾಂತರಕ್ಕೆ ಆ ತೊದಲು ಅರ್ಥವಾಗಲಿಲ್ಲ.

“ಅಲ್ಲಿ ನಿಮ್ಮ ದೇಶದವರು ಯಾರೂ ಇಲ್ವಾ ಕೇಳೋಕೆ?”

“ಇದಾರೆ. ಅಮ್ಮ ಯಾರನ್ನೂ ಮನೆಗೆ ಸೇರಿಸ್ಲಿಲ್ಲ. ಯುದ್ಧದಲ್ಲಿ ಯಾರು ಯಾವ ಕಡೆ ಇದ್ದರೋ ಗೊತ್ತಿಲ್ಲ ಅಂತಿದ್ರು. ನಾನೂ ಕೇಳ್ಲಿಲ್ಲ.” ಚೀಲದಿಂದ ಮೊಬೈಲ್ ತೆಗೆದಳು. “ನನಗೆ ಅಕ್ಕ ಇದ್ದಳೇನೋ. ಅವಳ ಹೆಸರೇನೋ. ಬಿಟ್ಟುಬಂದ್ವೇನೋ. ಅದಕ್ಕೇ ನಿಮ್ಮ ಹತ್ರ ಕೇಳೋಕೂ ಭಯ.”

ಮೊಬೈಲನ್ನು ನನ್ನ ಕಡೆ ತಳ್ಳಿದಳು. ಆರೈಕೆ ಮನೆಯಲ್ಲಿ ಕೆಲಸ ಮಾಡುವ ಫಿಜಿಯ ಹೆಣ್ಣುಮಗಳು ಸಲೋತೆ ಹಿಡಿದು ಕಳಿಸಿದ್ದ ಧ್ವನಿ. ನಾನು ಮೂರು ಸಲ ಕೇಳಿದೆ. ಮೂರನೆಯ ಸಲಕ್ಕೆ ಅರ್ಥವಾಯಿತು. ಇಂಥ ಪಿಸುಮಾತನ್ನು ನನ್ನ ಚಿಕ್ಕಮ್ಮನ ಬಾಯಲ್ಲೂ ಕೇಳಿದ್ದೆ. ನಮ್ಮ ದೇಶದಲ್ಲೂ ಯುದ್ಧದ ಆ ವರ್ಷಗಳು ಇದ್ದವು.

“ಮಾರ್ಲೆನಿ, ಅದು ಹೆಸರಲ್ಲ. ನಾನು ಕಲಿಸೋ ಪುಸ್ತಕದ ಮಾತಲ್ಲಿ ಬೇರೆ ಥರ ಹೇಳ್ತೀವಿ. ಮನೆ ಮಕ್ಕಳಿಗೆ ನಿಮ್ಮೂರಲ್ಲಿ ಹೀಗೆ ಹೇಳ್ತಾರೆ. ‘ಒಳಗೆ ಸೇರ್ಕೋ’ ಅಂತ.”

“ಎಲ್ಲಿಗೆ?”

ಹೇಳದೆ ಇರಲಾಗಲಿಲ್ಲ. “‘ಮಂಚದ ಕೆಳಗೆ ಸೇರ್ಕೋ. ಉಸಿರೆತ್ತಬೇಡ. ಅವ್ರು ಬಾಗಿಲ ಹತ್ರ ಇದಾರೆ.’ ಅಷ್ಟೇ. ಅದನ್ನೇ ಮತ್ತೆ ಮತ್ತೆ ಹೇಳ್ತಾರೆ.”

ಅವಳು ಅಳಲಿಲ್ಲ. ಎರಡೂ ಕೈಯನ್ನು ಮೊಣಕಾಲ ಮಧ್ಯೆ ಒತ್ತಿಕೊಂಡು ಕೂತಳು. “ದಿನಾ ಬೆಳಗ್ಗೆ ಅಮ್ಮ ಅಲ್ಲೇ ಇರ್ತಾರಾ ಹಾಗಾದ್ರೆ? ಒಬ್ಬರೇ?” ಅಂದಳು. “ಅವರಿಗೆ ಏನಂತ ಉತ್ತರ ಕೊಡ್ಲಿ, ಹೇಳಿಕೊಡಿ,” ಅಂದಳು ಆಮೇಲೆ.

ಮರುದಿನ ಪಾಠ ಅದೊಂದೇ. ‘ಅವ್ರು ಹೋದ್ರು.’ ‘ಬಾಗಿಲು ಹಾಕಿದೆ.’ ‘ಭಯ ಬೇಡ.’ ಅಮ್ಮನನ್ನು ಅವಳು ‘ನೀನು’ ಅನ್ನುತ್ತಿದ್ದಳು, ತಿದ್ದಿದೆ. ಅವರ ಕಡೆ ತಾಯಿಗೆ ‘ನೀವು’ ಅನ್ನಬೇಕು, ಇಲ್ಲದಿದ್ದರೆ ಯಾರೋ ಹೊರಗಿನವಳು ಅಂದುಕೊಂಡಾರು. ನಮ್ಮಲ್ಲಿ ಸಂಜೆ ನಾಲ್ಕಾದರೆ ಅಲ್ಲಿ ಮರುದಿನದ ಬೆಳಗು. ಶಾಲೆಯ ಅಂಗಳದಲ್ಲಿ ಕೂತು ಸಲೋತೆಗೆ ಕರೆ ಮಾಡಿದಳು. ನಾನು ದೊಡ್ಡಕ್ಷರದಲ್ಲಿ ಬರೆದುಕೊಟ್ಟ ಹಾಳೆ ಅವಳ ಕೈಯಲ್ಲಿತ್ತು.

ತೆರೆಯಲ್ಲಿ ಒಂದು ಸಣ್ಣ ಮುಖ ಬಂತು. ಹಿಂದೆ ಗಾಡಿಯ ಸದ್ದು. ಮುದುಕಿಯ ಕಣ್ಣು ಬಾಗಿಲ ಕಡೆ.

“ಅಮ್ಮಾ, ಅವ್ರು ಹೋದ್ರು.”

ಪಿಸುಮಾತು ನಿಂತಿತು. “ಯಾರದು? ಮೆಲ್ಲಗ್ ಮಾತಾಡು.”

“ಹೋದ್ರು ಅಮ್ಮ. ಬಾಗಿಲು ಹಾಕಿದೆ. ನೀವು ಹೆದರಬೇಡಿ.”

“ಎಷ್ಟು ಜನ ಇದ್ರು?”

ಇದು ಹಾಳೆಯಲ್ಲಿ ಇರಲಿಲ್ಲ. ಮಾರ್ಲೆನಿ ನನ್ನನ್ನು ನೋಡಿದಳು. ಆಮೇಲೆ ತಾನೇ ಹಾಳೆಯನ್ನು ಮಡಿಲಿಗೆ ಇಳಿಸಿ, “ಈಗ ಯಾರೂ ಇಲ್ಲ. ನಾನು ನೋಡಿ ಬಂದೆ. ರಸ್ತೆ ಖಾಲಿ,” ಅಂದಳು. ಕ್ರಿಯಾಪದ ಒಂದು ತಪ್ಪಿತ್ತು. ನಾನು ತಿದ್ದಲಿಲ್ಲ.

“ಮಗು?”

“ಮಗು ಚೆನ್ನಾಗಿದೆ. ಮಂಚದ ಕೆಳಗಿದೆ. ಈಚೆ ಬಾ ಅನ್ಲಾ?”

ಮುದುಕಿ ಬಾಗಿಲನ್ನು ಇನ್ನೊಮ್ಮೆ ನೋಡಿದಳು. “ಇನ್ನೊಂಚೂರು ಹೊತ್ತು ಇರ್ಲಿ. ಆಮೇಲೆ ಗಂಜಿ ಕೊಡು ಅದಕ್ಕೆ,” ಅಂದಳು. ಆಮೇಲೆ ದಿಂಬಿಗೆ ಒರಗಿದಳು.

ಅವತ್ತೇ ಮೂಟೆ ಕಟ್ಟಿ ಹೊರಟುಬಿಡುತ್ತೇನೆ ಅಂದಳು ಮಾರ್ಲೆನಿ. ಇದೊಂದೇ ಮಾತು ಹಿಡಿದು ಹೋದರೆ ಅಮ್ಮ ಎರಡನೇ ಪ್ರಶ್ನೆ ಕೇಳಿದಾಗ ಏನು ಮಾಡ್ತೀಯ ಅಂತ ನಾನೇ ತಡೆದೆ. ತಡೆದ ಮೇಲೆ ನನಗೂ ನಿದ್ದೆ ಬರಲಿಲ್ಲ. ಅವಳು ಮನೆ ಸೇರುವಷ್ಟರಲ್ಲಿ ಆ ಜೀವ ಹೋಗಿಬಿಟ್ಟರೆ? ಇನ್ನೂ ಒಂಬತ್ತು ವಾರ, ದಿನಾ ನಾಲ್ಕಕ್ಕೆ ಕರೆ. ಒಂದು ದಿನ ಆರು ಸಲ ಮಾಡಿದರೂ ಸಲೋತೆ ಎತ್ತಲಿಲ್ಲ. ಮಾರ್ಲೆನಿ ಅಂಗಳದಲ್ಲಿ ಗೋಡೆಯಿಂದ ಗೋಡೆಗೆ ನಡೆದಳು, ಚುಸಿತಮ್ಮ ಅವಳ ಹಿಂದೆಯೇ ನಡೆದಳು. ಕೊನೆಗೆ ಸಲೋತೆ ತಾನೇ ಕರೆ ಮಾಡಿ, ಅಜ್ಜಿಗೆ ಸ್ನಾನ ಮಾಡಿಸುತ್ತಿದ್ದೆ ಅಂದಾಗ ಮೂವರೂ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತೆವು.

ಮಾರ್ಲೆನಿ ಮನೆಗೆ ಹೋದ ಮೇಲೆ ಹೆರ್ಲಿಂದಾ ಹದಿನಾಲ್ಕು ತಿಂಗಳು ಬದುಕಿದ್ದಳು. ಮಗಳೆಂದು ಗುರುತು ಹಿಡಿದದ್ದು ಅಪರೂಪ. ನನ್ನ ಹತ್ತಿರ ಕಲಿತ ಮಾತಿನ ಧಾಟಿ ಕೇಳಿ, “ಗ್ವಾಟೆಮಾಲದವಳೇ, ನಿಮ್ಮೂರಲ್ಲಿ ಹೀಗಾ ಮಾತಾಡೋದು, ಪದ ಪದಕ್ಕೂ ಎಳೀತೀಯಲ್ಲ,” ಅಂತ ಗೇಲಿ ಮಾಡುತ್ತಿದ್ದಳಂತೆ. ಗಾಡಿಯ ಸದ್ದಾದರೆ ಮಾತ್ರ ಈ ಗ್ವಾಟೆಮಾಲದವಳ ಕೈಯೇ ಬೇಕು. ಆ ದಿನ ಬಾಗಿಲಿಗೆ ಯಾರು ಬಂದಿದ್ದರು, ಬಂದು ಏನು ಮಾಡಿದರು, ಅಪ್ಪ ಎಲ್ಲಿಗೆ ಹೋದ, ಇದ್ಯಾವುದನ್ನೂ ಮಾರ್ಲೆನಿ ಕೇಳಲಿಲ್ಲ. “ಕೇಳೋಷ್ಟು ಭಾಷೆ ಬಂದಿತ್ತು ಟೀಚರ್, ಧೈರ್ಯ ಬರಲಿಲ್ಲ,” ಅಂದಳು ನನಗೆ.

ತಾಯಿ ತೀರಿಕೊಂಡ ವಾರ ಅವಳೇ ಕರೆ ಮಾಡಿದ್ದಳು. ಚರ್ಚಿಗೆ ಅವರ ದೇಶದ ಮುದುಕರು, ಮುದುಕಿಯರು ಇಪ್ಪತ್ತು ಮಂದಿ ಬಂದಿದ್ದರಂತೆ. ಯಾರು ತಿಳಿಸಿದರೋ ಗೊತ್ತಿಲ್ಲ. ಹೆರ್ಲಿಂದಾ ಜೀವಮಾನವಿಡೀ ಹೊಸ್ತಿಲು ದಾಟಿಸದಿದ್ದ ಜನ.

“ಒಬ್ಬೊಬ್ಬರ ಹತ್ರಾನೂ ಮಾತಾಡಿದೆ,” ಅಂದಳು. “ಯಾರು ಯಾವ ಕಡೆಯವರೋ ಅಂತ ನನಗೂ ಅನ್ನಿಸ್ತು. ಆದ್ರೂ ಎಲ್ಲರನ್ನೂ ಮನೆಗೆ ಕಾಫಿಗೆ ಕರೆದೆ.”

“ಬಂದ್ರಾ?”

“ಹನ್ನೊಂದು ಜನ ಬಂದ್ರು.”