ಫೋಟೊಗೆ ಹಚ್ಚಿದ ವಿಭೂತಿ

ಟೇಕ್ವಾಂಡೋ ಕಲೆಯನ್ನು ದೇಶದೇಶಕ್ಕೆ ಒಯ್ದ ಕೊರಿಯಾದ ಹಿರಿಯ ಗುರು ತೀರಿಕೊಂಡರೆಂದು ಬೆಳಿಗ್ಗೆ ಮೊಬೈಲಿನಲ್ಲಿ ಓದಿದೆ. ತರಗತಿಯ ಗೋಡೆಯಲ್ಲಿರುವ ಅವರ ಫೋಟೊಗೆ ಏರಿಸಲು ಮಲ್ಲಿಗೆ ತಂದೆ. ಆ ವಾಸನೆಗೆ ಅಜ್ಜಿ ನೆನಪಾದಳು.

ಚಿಕ್ಕಂದಿನಲ್ಲಿ ಗುಳೇದಗುಡ್ಡದ ಹಳೆಯ ಮಗ್ಗದ ಕೋಣೆಯಲ್ಲಿ ನಾವು ಇದೇ ಫೋಟೊಗೆ ಬಾಗಿ, ಆಮೇಲೆ ಒದೆಯಲು ಕಲಿಯುತ್ತಿದ್ದೆವು. ಒಂದು ದಿನ ಮಠದಿಂದ ಬರುತ್ತ ನನ್ನನ್ನು ಕರೆದೊಯ್ಯಲು ಬಂದ ಅಜ್ಜಿ, ಸತ್ತವರೇ ಇರಬೇಕೆಂದು ಫೋಟೊಗೆ ವಿಭೂತಿ ಹಚ್ಚಿ ಮಲ್ಲಿಗೆ ಏರಿಸಿಬಿಟ್ಟಳು.

"ಅವರಿನ್ನೂ ಜೀವಂತ ಅದಾರ್ರಿ, ಅಮ್ಮಾರ," ಎಂದರು ನಮ್ಮ ಸರ್. ಅಜ್ಜಿ ಗಾಬರಿಯಿಂದ ಸೆರಗಿನಲ್ಲಿ ಒರೆಸಿದಳು.

ಆ ವಿಭೂತಿಯಿಂದ ಅವರಿಗೇನಾದರೂ ಆದರೆ ಎಂದು ನನಗೆ ಒಂದೇ ಕಳವಳ. ದಿನಾ ಕೇಳುತ್ತಿದ್ದೆ: "ಸರ್, ಅವರು ಅದಾರೇನ್ರಿ?"

"ಅದಾರವ್ವಾ, ನೀ ಒದಿ."

ಈಗ ಕಲಿಸುವವಳು ನಾನು. ಕೈಯಲ್ಲಿದ್ದ ಮಲ್ಲಿಗೆ ನೋಡಿ ಪುಟ್ಟ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಇವರು ತೀರಿಕೊಂಡಾರೇನ್ರಿ?"

ಹೂವನ್ನು ಬೆನ್ನ ಹಿಂದೆ ಸರಿಸಿದೆ.

"ಅದಾರವ್ವಾ, ನೀ ಒದಿ."