ಮೈಕು ಕೆಟ್ಟಿರಲಿಲ್ಲ

ಟೀವಿಗೆ ಹಚ್ಚುವ ಅಂಗೈಯಗಲದ ಒಂದು ಪೆಟ್ಟಿಗೆ ಕೊಳ್ಳಲು ನಾನು ಕೊಪ್ಪಳ, ಕುಷ್ಟಗಿ, ಗಂಗಾವತಿ ಸುತ್ತಿದ್ದನ್ನು ನಮ್ಮ ಓಣಿಯವರು ಇನ್ನೂ ಆಡಿಕೊಳ್ಳುತ್ತಾರೆ. "ಅಜ್ಜ ಮಗಳಿಗೆ ವರ ನೋಡಿದಾಗೂ ಇಷ್ಟು ತಿರುಗಿರಲಿಲ್ಲ" ಎಂದು ನಗುತ್ತಾರೆ. ನಗಲಿ. ಯಾಕೆ ತಿರುಗಿದೆ ಎಂಬುದು ಅವರಿಗೆ ಗೊತ್ತಿಲ್ಲ. ಈಗ ಹೇಳಿಬಿಡುತ್ತೇನೆ.

ಎಸ್ಸೆಸ್ಸೆಲ್ಸಿ ಮುಗಿಸಿ ಯಲಬುರ್ಗಾದ ಬಸ್‌ಸ್ಟ್ಯಾಂಡಿನ ಹಿಂದೆ ಫೋಟೋ ಸ್ಟುಡಿಯೋ ಇಟ್ಟವನು ನಾನು. ಕೆಲವು ವರ್ಷಗಳ ಮೇಲೆ, ಭುಜದ ಮೇಲೆ ಹೊತ್ತು ತಿರುಗುವ ವಿಡಿಯೋ ಕ್ಯಾಮೆರಾ ತಂದೆ. ಸುತ್ತಲಿನ ಹಳ್ಳಿಗಳಲ್ಲಿ ನಾನು ಹೋಗದ ಮದುವೆಯಿಲ್ಲ. ನಮ್ಮ ಧಂದೆಯಲ್ಲಿ ಆಗ ಒಂದು ರೂಢಿ ಇತ್ತು. ಮದುವೆ ಮನೆಯಲ್ಲಿ ಹಿಡಿದ ಮೂಲ ಕ್ಯಾಸೆಟ್ಟಿನ ಗದ್ದಲವನ್ನೆಲ್ಲ ತೆಗೆದು, ಆ ಜಾಗದಲ್ಲಿ ಸಿನಿಮಾ ಹಾಡು ಕೂಡಿಸಿ ಕೊಡುವುದು. ತಾಳಿ ಕಟ್ಟುವಾಗಿನ ಮಂತ್ರ, ಬಾಜಾಬಜಂತ್ರಿ ಇಷ್ಟನ್ನು ಮಾತ್ರ ಇದ್ದ ಹಾಗೆ ಬಿಡುತ್ತಿದ್ದೆವು. ಹೆಂಗಸರು ಕೂತು ಹೇಳುವ ಹಾಡುಗಳು ನಮ್ಮ ಲೆಕ್ಕದಲ್ಲಿ ಗದ್ದಲ. ಕೆಲಸ ಮುಗಿದ ಮೇಲೆ ಮೂಲ ಕ್ಯಾಸೆಟ್ಟನ್ನು ಅಳಿಸಿ ಅದರ ಮೇಲೆಯೇ ಮುಂದಿನ ಮದುವೆ ಹಿಡಿಯುತ್ತಿದ್ದೆವು. ಎಷ್ಟು ಮನೆಗಳ ತಾಯಂದಿರ ದನಿ ಹಾಗೆ ನನ್ನ ಕೈಯಲ್ಲಿ ಅಳಿಸಿಹೋಯಿತೋ, ಅದಕ್ಕೆ ಈಗ ಮಾಡುವಂಥದ್ದೇನೂ ಇಲ್ಲ. ಒಂದು ದನಿ ಮಾತ್ರ ಉಳಿದಿತ್ತು.

ಅದು ನನ್ನ ಹೆಂಡತಿಯ ತಂಗಿಯ ಮದುವೆ. ಕುಕನೂರಿನ ಹತ್ತಿರದ ಹಳ್ಳಿ, ಅತ್ತೆಯ ಮನೆ ಅಂಗಳ. ಲೈಟು ಹಿಡಿಯುವ ಆಳು ಅವತ್ತು ಕೈಕೊಟ್ಟ. ನಾನು ಹೆಂಡತಿಯನ್ನು ಕರೆದು, "ಒಂದೀಟು ಇದನ್ನ ಹಿಡಿ" ಎಂದು ಲೈಟು ಕೊಟ್ಟೆ. ಒಂದೀಟು ಎಂದದ್ದು ಇಡೀ ಮದುವೆಯಾಯಿತು. ಮದುಮಗಳ ಒಬ್ಬಳೇ ಅಕ್ಕ ರೇಶಿಮೆ ಸೀರೆಯುಟ್ಟು, ವೈರು ಎಳೆದುಕೊಂಡು, ನನ್ನ ಎಡಗಡೆ ಲೈಟು ಹಿಡಿದು ನಿಂತಳು. ಕ್ಯಾಮೆರಾ ತಿರುಗಿದ ಕಡೆ ಬೆಳಕು ಬಿತ್ತು. ಬೆಳಕು ಹಿಡಿದವಳ ಕಡೆ ಕ್ಯಾಮೆರಾ ಒಮ್ಮೆಯೂ ತಿರುಗಲಿಲ್ಲ.

ಸುರಗಿಯ ಹೊತ್ತು ಬಂತು. ನಾಲ್ಕು ಮೂಲೆಗೆ ತಂಬಿಗೆಯಿಟ್ಟು ನೂಲು ಸುತ್ತಿ, ನಡುವೆ ಮದುಮಕ್ಕಳನ್ನು ಕೂರಿಸಿ, ಎಣ್ಣೆ ಅರಿಶಿಣ ಹಚ್ಚಿ ನೀರು ಹಾಕುತ್ತಾರಲ್ಲ, ಆಗ. ನಮ್ಮ ಅತ್ತೆ ನಿಂತ ನಿಲುವಿನಲ್ಲೇ ಹಾಡು ಕಟ್ಟುವ ಹೆಂಗಸು. ಬೀಗರ ಮೂಗು, ಬೀಗಿತಿಯ ನಡಿಗೆ, ಬೀಗರು ತಂದ ಬುತ್ತಿ, ಒಂದನ್ನೂ ಬಿಡದೆ ಹಂಗಿಸಿದರು. ಬೀಗರೂ ಬಿದ್ದು ಬಿದ್ದು ನಕ್ಕರು. ಹಾಗೆ ಹಾಡುತ್ತ ನನ್ನ ಕಡೆ ತಿರುಗಿದರು.

"ಬಲಗಣ್ಣು ಡಬ್ಬ್ಯಾಗ, ಎಡಗಣ್ಣು ಮುಚ್ಯಾನ,
ಹಿರಿಯಳಿಯ ಏನ ಕಂಡಾನ?
ಎಡಕ ನಿಂತಾಳ ಮಗಳು, ಬೆಳಕ ಹಿಡಿದ ಮಗಳು,
ಮುಚ್ಚಿದ ಕಣ್ಣಿಗೆ ಹ್ಯಾಂಗ ಕಂಡಾಳ?"

ಅಂಗಳವೆಲ್ಲ ಗೊಳ್ಳೆಂದಿತು. ಅಡುಗೆಯವರೂ ಸೌಟು ಹಿಡಿದು ಹೊರಗೆ ಬಂದರು. ನನ್ನ ಪಕ್ಕದಲ್ಲೇ ನಿಂತ ಹೆಂಡತಿ ಲೈಟು ಅಲುಗುವಷ್ಟು ನಗುತ್ತ, ತಾಯಿಯ ಹಿಂದೆ ಆ ಸಾಲುಗಳನ್ನು ತಾನೂ ಹಿಡಿದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಹಂಗಿಸಿದ್ದಕ್ಕೆ ಅಷ್ಟಲ್ಲ. ಹೇಳಿದ್ದು ಖರೆ ಇತ್ತು, ಅದಕ್ಕೆ.

ಊರಿಗೆ ಬಂದು ಕ್ಯಾಸೆಟ್ಟು ತಯಾರಿಸಲು ಕೂತಾಗ ಅವಳು ಚಹಾ ತಂದಿಟ್ಟು, "ಅವ್ವನ ಹಾಡಷ್ಟು ಹಂಗ ಬಿಡ್ರಿ. ಅದಕ್ಕ ಸಿನಿಮಾ ಹಾಡು ಹಾಕಬ್ಯಾಡ್ರಿ" ಎಂದಳು. ಅವಳು ನನ್ನ ಕೆಲಸದಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ.

ನಾನು ತಲೆ ಎತ್ತದೆ, "ಅವತ್ತ ಮೈಕ ಕೆಟ್ಟಿತ್ತು. ದನಿ ಬಂದಿಲ್ಲ" ಎಂದೆ.

ಮೈಕು ಕೆಟ್ಟಿರಲಿಲ್ಲ. ನಾನೇ ಆ ದನಿ ತೆಗೆದು ಅದರ ಮೇಲೆ ಯಾವುದೋ ಸಿನಿಮಾ ಹಾಡು ಹಾಕಿದೆ. ಮೂಲ ಕ್ಯಾಸೆಟ್ಟನ್ನು ಅಳಿಸಲು ಕೈಗೆ ತೆಗೆದುಕೊಂಡವನು ಯಾಕೋ ಅಳಿಸಲಿಲ್ಲ. ಟ್ರಂಕಿನ ತಳಕ್ಕೆ ತುರುಕಿಟ್ಟೆ. ಮುಂದೆ ಕೆಲವೇ ವರ್ಷಕ್ಕೆ ಅತ್ತೆ ತೀರಿಕೊಂಡರು. ಅವರ ದನಿ ಎಲ್ಲಿಯೂ ಉಳಿದಿಲ್ಲವೆಂದು ಮನೆಯಲ್ಲಿ ಮಾತು ಬಂದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಎರಡು ತಿಂಗಳ ಹಿಂದೆ ನನ್ನ ಹೆಂಡತಿಗೆ ಮೊಣಕಾಲಿನ ಆಪರೇಶನ್ ಆಯಿತು. ಒಳಗಿನ ಪಡಸಾಲೆಯಲ್ಲಿ ಟೀವಿಯ ಎದುರು ಮಂಚ ಹಾಕಿದೆವು. ಒಂದು ದಿನ ಧಾರಾವಾಹಿಯ ನಡುವೆ ಟೀವಿ ಆರಿಸಿ, "ತಂಗಿ ಮದುವಿ ಒಮ್ಮೆ ನೋಡ್ಬೇಕನಿಸ್ತದ. ಅವ್ವ ಓಡಾಡೋದಾದ್ರೂ ಕಾಣ್ತದ" ಎಂದಳು.

ಆಗ ಮನಸ್ಸು ಗಟ್ಟಿ ಮಾಡಿದೆ. ಟ್ರಂಕಿನ ತಳದಿಂದ ಮೂಲ ಕ್ಯಾಸೆಟ್ಟು ತೆಗೆದು, ಬೂಷ್ಟು ಒರೆಸಿ, ಸ್ಟುಡಿಯೋದ ಹಳೆಯ ವಿಸಿಆರ್‌ನಲ್ಲಿ ಓಡಿಸಿ ಕಂಪ್ಯೂಟರಿಗೆ ಇಳಿಸಿದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದೆ. ಎಲ್ಲ ಇತ್ತು. ಅತ್ತೆಯ ದನಿ ಅಂಗಳದ ಆ ಕಡೆಯಿಂದ. ಅದಕ್ಕಿಂತ ಹತ್ತಿರ, ಮೈಕಿನ ಬಾಯಿಗೇ ಎನ್ನುವಂತೆ, ನಗು ತಡೆಯುತ್ತ ಹಾಡುವ ಇನ್ನೊಂದು ದನಿ. ಆ ಮದುವೆಯ ಚಿತ್ರದಲ್ಲಿ ನನ್ನ ಹೆಂಡತಿ ಎಲ್ಲಿಯೂ ಇಲ್ಲ. ಅವಳಿರುವುದು ಆ ದನಿಯಲ್ಲಿ ಮಾತ್ರ. ನಾನು ತೆಗೆದುಹಾಕಿದ್ದು ಅತ್ತೆಯನ್ನಷ್ಟೇ ಅಲ್ಲ.

ಕಂಪ್ಯೂಟರ್ ಇರುವುದು ಹೊರಗಿನ ಕೋಣೆಯಲ್ಲಿ. ಅಲ್ಲಿಯ ಕುರ್ಚಿಯಲ್ಲಿ ಅವಳಿಗೆ ಕೂರಲಾಗದು. ಕಂಪ್ಯೂಟರಿನಲ್ಲಿರುವ ವಿಡಿಯೋವನ್ನು ಮನೆಯ ವೈಫೈ ಮೇಲೆ ಎಳೆದು ಟೀವಿಯಲ್ಲಿ ತೋರಿಸುವ ಪೆಟ್ಟಿಗೆಗಳಿವೆ ಎಂದು ನನಗೆ ಗೊತ್ತಿತ್ತು. ರಿಮೋಟು ಅವಳ ಕೈಯಲ್ಲಿರುತ್ತದೆ. ಬೇಕಾದಾಗ ಬೇಕಾದ್ದನ್ನು ತಾನೇ ಹಚ್ಚಿಕೊಳ್ಳಬಹುದು, ನನ್ನನ್ನು ಕೇಳಬೇಕಿಲ್ಲ. ಅಂಥದ್ದೊಂದನ್ನು ಕೊಪ್ಪಳದಿಂದ ತಂದೆ.

ಚಿತ್ರ ಸೊಗಸಾಗಿ ಬಂತು. ಅತ್ತೆ ನೂಲು ಸುತ್ತಿದರು, ತಂಬಿಗೆ ಎತ್ತಿದರು, ಬಾಯಿ ತೆರೆದರು. ದನಿ ಬರಲಿಲ್ಲ. ವೈರು ಕಿತ್ತು ಹಾಕಿದೆ, ಟೀವಿಯ ಸೌಂಡು ಏರಿಸಿದೆ. ಮೂಕ.

ಅವಳು ಮಂಚದ ಮೇಲಿನಿಂದ, "ಅವತ್ತ ಮೈಕ ಕೆಟ್ಟಿತ್ತಲ್ರಿ. ಬಿಡ್ರಿ, ಅವ್ವನ ಮಾರಿ ಕಂಡ್ತು, ಸಾಕು" ಎಂದಳು.

ಬಿಟ್ಟುಬಿಡಬಹುದಿತ್ತು. ಆ ಪೆಟ್ಟಿಗೆ ನನ್ನ ಪರವಾಗಿ ಸುಳ್ಳು ಹೇಳಲು ತಯಾರಿತ್ತು. ಒಂದು ಗಳಿಗೆ ನನಗೆ ಹಾಯೆನಿಸಿತು ಎಂಬುದನ್ನೂ ಬರೆದುಬಿಡುತ್ತೇನೆ. ಆ ಹಾಯೆನಿಸಿದ್ದಕ್ಕೇ ನನಗೆ ಹೇಸಿಗೆ ಬಂತು. ಮರುದಿನ ಪೆಟ್ಟಿಗೆ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಕೊಪ್ಪಳದ ಅಂಗಡಿಯವನು ಅದೇ ಪೆಟ್ಟಿಗೆಯಲ್ಲಿ ಹೊಡೆದಾಟದ ಸಿನಿಮಾ ಹಚ್ಚಿದ. ಗೋಡೆ ನಡುಗಿತು.

"ಸೌಂಡ್ ಬಂತಲ್ರಿ ಅಜ್ಜಾರ! ಪೆಟ್ಟಿಗಿ ಛಲೋ ಐತಿ. ನಿಮ್ಮ ವಿಡಿಯೋನ ಮೂಕ ಐತಿ."

"ವಿಡಿಯೋ ಮೂಕ ಇಲ್ಲೋ ತಮ್ಮಾ. ಇದರ ಕಿವಿ ಕಿವುಡ ಐತಿ."

ವಿಷಯ ಇಷ್ಟೇ. ಒಂದು ವಿಡಿಯೋದಲ್ಲಿ ಚಿತ್ರವನ್ನು ಒಂದು ರೀತಿಯಲ್ಲಿ ಮಡಚಿಟ್ಟಿರುತ್ತಾರೆ, ದನಿಯನ್ನು ಇನ್ನೊಂದು ರೀತಿಯಲ್ಲಿ. ಕೆಲವು ಪೆಟ್ಟಿಗೆಗಳಿಗೆ ಚಿತ್ರ ಬಿಚ್ಚಲು ಬರುತ್ತದೆ, ನನ್ನ ಹಳೆಯ ಕಂಪ್ಯೂಟರ್ ಮಡಚಿಟ್ಟಂಥ ಹಳೆಯ ರೀತಿಯ ದನಿ ಬಿಚ್ಚಲು ಬರುವುದಿಲ್ಲ. ನನ್ನ ಕಂಪ್ಯೂಟರಿನಲ್ಲೇ ಆ ದನಿಯನ್ನು ಹೊಸ ರೀತಿಗೆ ಬದಲಿಸಬಹುದಿತ್ತು, ಅಂಗಡಿಯವನೂ ಅದನ್ನೇ ಹೇಳಿದ. ನಾನು ಒಪ್ಪಲಿಲ್ಲ. ಆ ದನಿಗೆ ಒಮ್ಮೆ ಕೈಹಚ್ಚಿದವನು ನಾನು. ಇನ್ನೊಮ್ಮೆ ಹಚ್ಚುವುದಿಲ್ಲ. ಅದು ಇದ್ದ ಹಾಗೆ ಇರಲಿ, ಅದನ್ನು ಬಿಚ್ಚಬಲ್ಲ ಪೆಟ್ಟಿಗೆ ಎಲ್ಲಿದೆಯೋ ಅಲ್ಲಿಗೆ ನಾನೇ ಹೋಗುತ್ತೇನೆ.

ಹಾಡಿನ ತುಣುಕನ್ನು ಪೆನ್‌ಡ್ರೈವಿನಲ್ಲಿ ಹಾಕಿಕೊಂಡೆ. ಕುಷ್ಟಗಿಯಲ್ಲಿ ಒಂದು ಅಂಗಡಿಯವರು ಡಬ್ಬಿಯ ಮೇಲಿನ ಬರಹ ಓದಿ ಹೇಳಿದರೇ ಹೊರತು ಡಬ್ಬಿ ಬಿಚ್ಚಲಿಲ್ಲ. ಬಿಚ್ಚಿದರೆ ಕೊಳ್ಳಲೇಬೇಕಂತೆ. ಬರಹದಲ್ಲಿ ಎಲ್ಲ ಬರುತ್ತದೆ ಎಂದಿತ್ತು. ಬರಹ ನಂಬಿ ಕೊಪ್ಪಳದಲ್ಲಿ ಕೆಟ್ಟಿದ್ದೆ. ಎದ್ದು ಬಂದೆ.

ಗಂಗಾವತಿಯ ಅಂಗಡಿ ದೊಡ್ಡದು. ಫ್ರಿಜ್ಜು, ಮಿಕ್ಸರು, ಗೋಡೆಯಗಲದ ಟೀವಿಗಳು. ಮಾಲೀಕ ನನಗಿಂತ ಸ್ವಲ್ಪ ಚಿಕ್ಕವನು. ಒಂದು ಪೆಟ್ಟಿಗೆ ಹಿಡಿದು, "ಯಜಮಾನ್ರ, ಇದಕ್ಕ ಬಾಯಿಲೇ ಹೇಳಿದ್ರ ಸಾಕು, ಬೇಕಾದ ಸಿನಿಮಾ ತೆಗಿತದ" ಎಂದ.

"ಅದು ನನ್ನ ಮಾತು ಕೇಳೋದು ಬ್ಯಾಡ್ರಿ. ಅದರ ಬಾಯಿಂದ ನಾನೊಂದು ಹಾಡು ಕೇಳ್ಬೇಕು. ಕೇಳದ ಒಯ್ಯಂಗಿಲ್ಲ."

ಅವನು ನಕ್ಕು, ತೋರಿಸಲು ಇಟ್ಟುಕೊಂಡಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಹಚ್ಚಿದ. ಮೊದಲನೆಯದು ಮೂಕ. ಎರಡನೆಯದು ಚಿತ್ರವನ್ನೂ ತೆಗೆಯಲಿಲ್ಲ. ಇನ್ನೊಂದು, ನೋಡಲು ತೀರ ಸಾದಾ ಕರಿ ಪೆಟ್ಟಿಗೆ, ಹಚ್ಚಿದ. ಸೌಂಡು ಪೂರ್ತಿ ಏರಿಸಿಟ್ಟಿದ್ದು ಯಾರಿಗೂ ನೆನಪಿರಲಿಲ್ಲ.

ಅಂಗಡಿ ತುಂಬ ನಮ್ಮ ಅತ್ತೆ ಹಾಡಿದರು.

ಮಿಕ್ಸರು ನೋಡುತ್ತಿದ್ದ ಇಬ್ಬರು ಹೆಂಗಸರು ತಿರುಗಿ ನಿಂತರು. ಬಲಗಣ್ಣು ಡಬ್ಬಿಯೊಳಗೆ, ಎಡಗಣ್ಣು ಮುಚ್ಚಿದ ಹಿರಿಯಳಿಯನ ಸಾಲು ಬಂದ ಕೂಡಲೇ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. "ಅಯ್ಯ, ಏನ್ ಹಾಡ್ಯಾರವಾ! ಯಾರವಾ ಆ ಅಳಿಯ? ಬದುಕಿದ್ದಾನೋ ಇಲ್ಲೋ?"

"ಬದುಕೀನವಾ. ನಾನ" ಎಂದೆ.

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ಜೋರಾಗಿ ನಕ್ಕಳು, ಮಾಲೀಕನೂ ನಕ್ಕ. "ಮತ್ತ ಬೆಳಕ ಹಿಡಿದಾಕಿ?" ಎಂದು ಇನ್ನೊಬ್ಬಳು ಕೇಳಿದಳು.

"ಮನ್ಯಾಗದಾಳ. ಆಕಿಗೇ ಒಯ್ಯಾಕತ್ತೀನಿ."

ಯಾರ ಕಿವಿಗೂ ಬೀಳಬಾರದೆಂದು ಅಷ್ಟು ವರ್ಷ ಮುಚ್ಚಿಟ್ಟ ಹಾಡನ್ನು ನಾನು ದುಡ್ಡು ಕೊಟ್ಟು ಗಂಗಾವತಿಯ ಬಜಾರಿನಲ್ಲಿ ಹಾಡಿಸಿದ್ದೆ. ಬಸ್ಸಿನಲ್ಲಿ ಕೂತಾಗ ಎದೆ ಹಗುರವೇನೂ ಆಗಿರಲಿಲ್ಲ. ಹೇಳಬೇಕಾದವಳಿಗೆ ಇನ್ನೂ ಹೇಳಿರಲಿಲ್ಲ. ಹಾಡು ಹಚ್ಚುವ ಮೊದಲು ಹೇಳಬೇಕು, ಆಮೇಲಲ್ಲ ಎಂದು ನಿಶ್ಚಯ ಮಾಡಿಕೊಂಡೆ. ಆಮೇಲೆ ಹೇಳಿದರೆ ಅದು ಸಿಕ್ಕಿಬಿದ್ದು ಹೇಳಿದಂತೆ.

ಮನೆಗೆ ಬಂದು ಪೆಟ್ಟಿಗೆ ಕೂಡಿಸಿ, ಮನೆಯ ವೈಫೈಗೆ ಹಚ್ಚಿ, ಕಂಪ್ಯೂಟರಿನ ವಿಡಿಯೋಗಳು ಟೀವಿಯಲ್ಲಿ ಸಾಲಾಗಿ ಬಂದ ಮೇಲೆ ರಿಮೋಟು ಅವಳ ಕೈಗೆ ಕೊಟ್ಟೆ. ಒತ್ತಬೇಡ ಎಂದೆ.

"ಮೊದಲ ಒಂದು ಮಾತು ಕೇಳು. ಅವತ್ತ ಮೈಕ ಕೆಟ್ಟಿರಲಿಲ್ಲ. ನಿಮ್ಮವ್ವನ ಹಾಡು ನಾನ ತೆಗೆದೆ. ಬೇಕಂತ ತೆಗೆದೆ. ನಿನಗ ಸುಳ್ಳ ಹೇಳಿದೆ."

ಅವಳು ಟೀವಿಯ ಕಡೆಯೇ ನೋಡುತ್ತಿದ್ದಳು. "ಗೊತ್ತೈತಿ" ಎಂದಳು.

"ಯಾವಾಗಿಂದ?"

"ಕ್ಯಾಸೆಟ್ ಮೊದಲ ಸಲ ಹಾಕಿದ ದಿನಾನ. ತಾಳಿ ಕಟ್ಟಿ ಅಕ್ಕಿಕಾಳ ಹಾಕೋವಾಗ ಮಂತ್ರ ಖಡಕ್ ಕೇಳ್ತಿತ್ತು. ಮೈಕ ಹೆಂಗಸರ ಹಾಡಿಗಷ್ಟ ಕೆಟ್ಟಿತ್ತೇನ್ರಿ?"

"ಮತ್ತ ಯಾಕ ಒಂದ ಸಲಾನೂ ಕೇಳಲಿಲ್ಲ?"

"ಕೇಳಿದ್ರ ನೀವು ಇನ್ನೊಂದು ಸುಳ್ಳ ಹೇಳ್ತಿದ್ರಿ. ಒಂದರಾಗ ಮುಗೀಲಿ ಅಂತ ಬಿಟ್ಟೆ. ಹಾಡ ಅಂತೂ ಹೋತು ಅಂದ್ಕೊಂಡಿದ್ದೆ." ಆಗ ಮಾತ್ರ ನನ್ನ ಕಡೆ ತಿರುಗಿದಳು. "ಹೋಗಿಲ್ಲೇನು?"

ನಾನು ಇಲ್ಲವೆಂದು ತಲೆಯಾಡಿಸಿದೆ. ಅವಳು ರಿಮೋಟು ಒತ್ತಿದಳು.

ಅತ್ತೆ ಹಾಡಿದರು. ಅವಳು ತಲೆದಿಂಬು ಬಿಟ್ಟು ಎದ್ದು ಕೂತಳು. ಕಣ್ಣೀರು ಹಾಕುತ್ತಾಳೆ ಎಂದುಕೊಂಡಿದ್ದೆ, ಹಾಕಲಿಲ್ಲ. ಬೀಗರ ಮೂಗಿನ ಸಾಲಿಗೆ ನಕ್ಕಳು. ಮುಂದೆ ನನ್ನ ಸಾಲು ಬಂದಾಗ ನಗಲಿಲ್ಲ, ಕಿವಿಗೊಟ್ಟು ಕೇಳಿದಳು.

"ಅವ್ವನ ಹಿಂದ ಇಷ್ಟ ಹತ್ರ ಹಾಡಾಕತ್ತಾಕಿ ಯಾರ್ರಿ? ದೊಡ್ಡವ್ವನ ಮಗಳೇನು?"

"ನೀನ."

ಅವಳು ಹಾಡು ನಿಲ್ಲಿಸಿ, ಸ್ವಲ್ಪ ಹಿಂದಕ್ಕೆ ಎಳೆದು ಮತ್ತೆ ಹಚ್ಚಿದಳು. ಹಾಗೆ ಎಷ್ಟು ಸಲ ಕೇಳಿದಳೋ. ನಾನು ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತೆ. ಕೊನೆಗೆ ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, "ಹುಡುಗಿ ಛಲೋ ಹಾಡ್ತಿದ್ಲು" ಎಂದಳು, ಬೇರೆ ಯಾರ ಬಗ್ಗೆಯೋ ಹೇಳುವಂತೆ.

ಕ್ಷಮೆ ಕೇಳಲು ಬಾಯಿ ತೆರೆದೆ. ಅವಳು ಕೈಯೆತ್ತಿ ತಡೆದಳು.

"ನನಗ ಹೇಳಿದ್ದು ಆತು. ಮದುವಿ ನಂದಲ್ಲ. ತಂಗಿ ಮನ್ಯಾಗ ಇವತ್ತಿಗೂ ಆ ಸಿನಿಮಾ ಹಾಡಿನ ಕ್ಯಾಸೆಟ್ಟ ಇಟ್ಕೊಂಡು ಕುಂತಾಳ. ಆಕಿನ್ನ ಕರಸ್ತೀನಿ. ಆಕಿಗೂ ನೀವ ಹೇಳ್ಬೇಕು. ನಾ ಹೇಳಂಗಿಲ್ಲ."

"ಹೇಳ್ತೀನಿ" ಎಂದೆ.

ತಂಗಿಯನ್ನು ಕೊಟ್ಟದ್ದು ಗಂಗಾವತಿ ಆಚೆಯ ಸಿದ್ದಾಪುರದ ಕಡೆಗೆ. ಭತ್ತದ ಕೊಯ್ಲು ಮುಗಿಸಿ ಈ ವಾರ ಬರುತ್ತಿದ್ದಾಳೆ. ಅವಳು ಅಕ್ಕನ ಹಾಗಲ್ಲ. ಬಾಯಿ ತಾಯಿಯದು, ನಾಲ್ಕು ಮಂದಿ ಎದುರಿಗೇ ಝಾಡಿಸುತ್ತಾಳೆ. ಝಾಡಿಸಲಿ. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು ನೀರು ಕುಡಿದ ಕೂಡಲೇ ಹೇಳುತ್ತೇನೆ, ಟೀವಿ ಹಚ್ಚುವ ಮೊದಲು. ಆಮೇಲೆ ಬೇಕಾದರೆ ನನ್ನ ಮೇಲೆ ಹೊಸದೊಂದು ಹಾಡು ಕಟ್ಟಲಿ. ಕ್ಯಾಮೆರಾ ಹೊರಗೆ ತೆಗೆದು ಇಟ್ಟಿದ್ದೇನೆ. ಮೈಕು ಹಚ್ಚಿ ನೋಡಿದ್ದೇನೆ, ಸರಿಯಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮಂಚದ ಕಡೆ ತಿರುಗಿಸಿ, ಎರಡೂ ಕಣ್ಣು ತೆರೆದು ಈ ಕಡೆ ಕೂರುತ್ತೇನೆ.