ಗೇಟಿನ ಮೇಲಿನ ಮುಖ

ಕಾಯ್ದಿಟ್ಟ ಕಾಡಿನ ಗೇಟಿನೆದುರು ನಾನು ಟೋಪಿ, ಐಸು, ನೊಣ ಕೂರದಂತೆ ಮುಖಕ್ಕೆ ಹಾಕುವ ಬಲೆ ಮಾರುತ್ತೇನೆ. ಬಂಡೆಯ ಮೇಲೆ ತನ್ನ ಬುಡಕಟ್ಟಿನ ಹಿರಿಯರು ಬಿಟ್ಟುಹೋದ ಕೈಯಚ್ಚುಗಳನ್ನು ಬಂದವರಿಗೆ ತೋರಿಸುವವಳು ನೋರೀನ್ ಆಂಟಿ. ಇಪ್ಪತ್ತು ವರ್ಷದಲ್ಲಿ ಒಂದು ದಿನವೂ ಕೆಲಸ ತಪ್ಪಿಸಿದವಳಲ್ಲ.

ಕಳೆದ ತಿಂಗಳು, ಅದೇ ಕೆಲಸದಲ್ಲಿದ್ದ ಅವಳ ತಮ್ಮ ತೀರಿಕೊಂಡ. ಅವರ ಬುಡಕಟ್ಟಿನಲ್ಲಿ ಮನೆಯವರು ಒಪ್ಪುವ ತನಕ ಸತ್ತವರ ಹೆಸರೆತ್ತುವಂತಿಲ್ಲ, ಚಿತ್ರ ತೋರಿಸುವಂತಿಲ್ಲ. ಹಾಗಾಗಿ ನಾನೂ ಹೆಸರು ಬರೆಯುವುದಿಲ್ಲ. ಕಚೇರಿಯವರು ಮಾತ್ರ ಗೌರವವೆಂದು ಬಗೆದು ಅವನ ಮುಖವನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ, ಹೆಸರು ಸಹಿತ ಗೇಟಿಗೆ ತೂಗುಹಾಕಿದರು.

ಬೆಳಿಗ್ಗೆ ಅದನ್ನು ಕಂಡ ಆಂಟಿ ನನ್ನ ಬೆಂಚಿನ ಮೇಲೆ ಗೇಟಿಗೆ ಬೆನ್ನು ಹಾಕಿ ಕುಳಿತಳು.

"ಅದರ ಮೇಲೆ ಒಂದು ಚಾದರ ಹೊದಿಸ್ಲಾ ಆಂಟಿ? ಪುಕ್ಕಟೆ," ಎಂದೆ.

"ನೀನು ಪುಕ್ಕಟೆ ಅಂದ್ರೆ ನಂಗಿನ್ನೂ ಭಯ ಕಣೋ. ಹಾಕಿದೋರೇ ತೆಗೀಲಿ."

ಮ್ಯಾನೇಜರ್ ಗ್ರಾಂಟ್ ಓಡಿಬಂದ. "ಬಸ್ಸು ಕಾಯ್ತಿದೆ ಆಂಟಿ. ಮೇಲಿನೋರ್ನ ಕೇಳ್ದೆ ನಾನು ತೆಗೆಯೋ ಹಾಗಿಲ್ಲ."

"ಹಾಕೋವಾಗ ನನ್ನ ಕೇಳಿದ್ಯಾ?"

ಆಂಟಿ ಕೊರಳಿನ ಗುರುತಿನ ಚೀಟಿ ಬಿಚ್ಚಿ ಅವನ ಕೈಗಿಟ್ಟಳು. "ಅದು ಇಳಿದ ದಿನ ಇದನ್ನ ಮನೆಗೆ ತಂದ್ಕೊಡು."

ಇವತ್ತಿಗೆ ಹನ್ನೊಂದು ದಿನ. ಮೇಲಿನವರು ಸಭೆ ಕರೆಯುತ್ತಾರಂತೆ. ಬಸ್ಸಿನಲ್ಲಿ ಬಂದವರು ಒಳಗೆ ಕರೆದೊಯ್ಯುವವರಿಲ್ಲದೆ, ಗೇಟಿನ ಮೇಲಿನ ಮುಖದ ಜೊತೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ.